ಮೇಷ್ಟ್ರ ಕೈಯ ಬ್ಯಾಂಡು ಎಣಿಸಿದ್ದು ಏನನ್ನ? ಮೈಸೂರಿನ ಒಂದು ಪ್ರಕರಣ

ಇದು ಒಬ್ಬರದೇ ಪ್ರಕರಣ. 64 ವರ್ಷದ ನಿವೃತ್ತ ಗಣಿತ ಮೇಷ್ಟ್ರು, ಸರಸ್ವತಿಪುರಂ ಕಡೆಯವರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕೆಲವು ತಿಂಗಳಾಗಿತ್ತು. ನಾನು ಫಿಸಿಯೋಥೆರಪಿಸ್ಟ್. ಹೃದಯದ ತೊಂದರೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನಡಿಗೆ, ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಮೇಷ್ಟ್ರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಎದೆಬಡಿತ ಎಣಿಸಲು ಕೈಗೆ ಕಟ್ಟುವ ಬ್ಯಾಂಡು ತೋರಿಸಿದ ಒಂದು ನಂಬರನ್ನು ನಂಬಿ, ನಡೆಯಲೇಬೇಕಾದ ಮನುಷ್ಯ ನಡೆಯುವುದನ್ನೇ ಬಿಟ್ಟು ಮನೆಯಲ್ಲಿ ಕೂತುಬಿಟ್ಟಿದ್ದರು. ಆಮೇಲೆ ಅದೇ ಬ್ಯಾಂಡು ಇನ್ನೊಂದು ನಂಬರ್ ತೋರಿಸಿದಾಗ ಮಗಳು ಅದನ್ನು ಸುಳ್ಳು ಅಂತ ತಳ್ಳಿಹಾಕಿದಳು, ಆದರೆ ಅದು ನಿಜವಾಗಿತ್ತು. ಈ ಎರಡೂ ಒಬ್ಬರಲ್ಲೇ ನಡೆದಿದ್ದರಿಂದ ವಿವರವಾಗಿ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಮೊದಲು ಹಿನ್ನೆಲೆ. ಮೇಷ್ಟ್ರು ದಿನಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಇದು ಬೀಟಾ ಬ್ಲಾಕರ್ ಜಾತಿಯ ಮಾತ್ರೆ, ಎದೆಬಡಿತವನ್ನು ತಗ್ಗಿಸಿ ಇಡುತ್ತದೆ. ಮಾತ್ರೆ ನುಂಗಿಕೊಂಡೇ ಟಿಎಂಟಿ ಮಾಡಿಸಿದ್ದರು, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ. ಏದುಸಿರು ಬಂದು ಸಾಕು ಅಂತ ಅವರು ಕೈ ಎತ್ತಿದಾಗ ಬಡಿತ ನಿಮಿಷಕ್ಕೆ 128 ಇತ್ತು. ಅದನ್ನು ನೋಡಿಕೊಂಡು ಹೃದಯದ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು: ದಿನಾ ನಡೆಯಬೇಕು, ನಡೆಯುವಾಗ ಬಡಿತ 90ರಿಂದ 110ರ ಒಳಗೆ ಇರಲಿ, ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ, ಮಾತಾಡಲು ಆಗದಷ್ಟು ಉಸಿರು ಬಂದರೆ ತಕ್ಷಣ ನಿಲ್ಲಿಸಿ.

ಇಷ್ಟು ಸ್ಪಷ್ಟವಾಗಿ ಬರೆದುಕೊಡುವ ಡಾಕ್ಟರು ಸಿಗುವುದು ಪುಣ್ಯ. ಯಾಕೆಂದರೆ ಬ್ಯಾಂಡಿನ ಜೊತೆಗೆ ಬರುವ ಫೋನಿನ ಆ್ಯಪು ತನ್ನದೇ ಒಂದು ಲೆಕ್ಕ ಹಾಕಿಕೊಂಡಿರುತ್ತದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನುವ ಹಳೇ ಸೂತ್ರ ಅದು. ಮೇಷ್ಟ್ರಿಗೆ ಅದರ ಪ್ರಕಾರ 156 ಬರುತ್ತದೆ. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಲ್ಲಿ ವಯಸ್ಸಿನ 0.7 ಪಾಲು ಕಳೆಯುವುದು, ಅದರಲ್ಲಿ 163. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಎರಡೂ ಹೊಂದುವುದಿಲ್ಲ. ಅವರ ಮಟ್ಟಿಗೆ ಟಿಎಂಟಿಯಲ್ಲಿ ಕಂಡ 128 ಒಂದೇ ನಿಜವಾದ ಅಳತೆ.

ಬೆಂಗಳೂರಿನಲ್ಲಿರುವ ಮಗಳು ಅಪ್ಪನಿಗೆ ಬ್ಯಾಂಡು ತಂದುಕೊಟ್ಟಳು. ನಡೆಯುವಾಗ 110 ದಾಟಿದರೆ ನಡುಗುವ ಹಾಗೆ ಸೆಟ್ ಮಾಡಿದಳು. ನಂಬರೆಲ್ಲ ಅವಳ ಫೋನಿಗೂ ಹೋಗುತ್ತಿತ್ತು. ಪ್ರೀತಿಯಿಂದ ಮಾಡಿದ್ದು, ತಪ್ಪೇನಿಲ್ಲ.

ಡಿಸೆಂಬರ್ ಚಳಿಯಲ್ಲಿ ಮೇಷ್ಟ್ರು ಕುಕ್ಕರಹಳ್ಳಿ ಕೆರೆ ಸುತ್ತ ನಡೆಯಲು ಶುರು ಮಾಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಬ್ಯಾಂಡು ನಡುಗಿತು. 118. ಇನ್ನೂ ಸ್ವಲ್ಪ ನಡೆದರೆ 121. ಕಲ್ಲಿನ ಬೆಂಚಿನ ಮೇಲೆ ಕೂತರು, ನಂಬರ್ ಇಳಿಯಿತು. ಎದ್ದು ನಡೆದರೆ ಮತ್ತೆ 119. ಮಾರನೇ ದಿನವೂ ಇದೇ, ಅದರ ಮಾರನೇ ದಿನವೂ ಇದೇ. ಮಗಳು ಫೋನ್ ಮಾಡಿ, "ಅಪ್ಪಾ, ಸುಮ್ನೆ ಮನೇಲಿರು, ಡಾಕ್ಟರ್ ಹತ್ರ ಕೇಳೋವರೆಗೂ ನಡೀಬೇಡ" ಅಂದಳು. ಡಾಕ್ಟರ ಹತ್ತಿರ ಹೋಗಲು ಒಂದಲ್ಲ ಒಂದು ಕಾರಣಕ್ಕೆ ತಡವಾಯಿತು. ವಾರಗಟ್ಟಲೆ ನಡಿಗೆ ನಿಂತುಹೋಯಿತು. ಸಕ್ಕರೆ ಏರಿತು, ಹೊಟ್ಟೆ ಬಂತು. ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡಿದ್ದು ಹೆದರಿಕೆ. ಮನೆಯ ಮಹಡಿ ಹತ್ತುವಾಗಲೂ ಅರ್ಧಕ್ಕೆ ನಿಂತು ಕೈ ನೋಡಿಕೊಳ್ಳುತ್ತಿದ್ದರಂತೆ.

ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಮೇಷ್ಟ್ರಲ್ವಾ, ಅಡಿಪಟ್ಟಿಯಲ್ಲಿ ಗೆರೆ ಎಳೆದು ಕಾಲಂ ಮಾಡಿದ್ದರು. ದಿನಾಂಕ, ಹೊತ್ತು, ಬ್ಯಾಂಡಿನ ನಂಬರ್, ಕೊನೆಗೆ "ಏನನ್ನಿಸಿತು" ಅಂತ ಒಂದು ಕಾಲಂ. ಆ ಕೊನೇ ಕಾಲಂ ಉದ್ದಕ್ಕೂ ಒಂದೇ ಉತ್ತರ: ಏನೂ ಇಲ್ಲ, ಏನೂ ಇಲ್ಲ, ಏನೂ ಇಲ್ಲ.

ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ. ಟಿಎಂಟಿಯಲ್ಲಿ 128ಕ್ಕೆ ಏದುಸಿರು ಬಂದು ಕೈ ಎತ್ತಿದ ಮನುಷ್ಯ, ಸಮತಟ್ಟಾದ ದಾರಿಯಲ್ಲಿ ಆರಾಮಾಗಿ ನಡೆಯುವಾಗ 120 ತಲುಪಿ, ಉಸಿರೂ ಏರದೆ, ಬೆವರೂ ಬಾರದೆ ಇರುವುದು ಹೇಗೆ? ಮಾತ್ರೆ ತಪ್ಪಿಸಿದ್ದರೆ ಆಗಬಹುದು. ಕೇಳಿದೆ, ತಪ್ಪಿಸಿರಲಿಲ್ಲ. ಜ್ವರ ಇದ್ದರೆ, ರಕ್ತ ಕಮ್ಮಿಯಾಗಿದ್ದರೆ, ಥೈರಾಯ್ಡ್ ಹೆಚ್ಚಾಗಿದ್ದರೆ ಬಡಿತ ಏರುತ್ತದೆ, ಆದರೆ ಆಗ ಕೂತಾಗಲೂ ಏರಿರಬೇಕು. ಅವರು ಕೂತಾಗ 58. ನಡೆದಾಗ ಮಾತ್ರ ಈ ಜಿಗಿತ. ಅದೂ ಪ್ರತಿಸಲ 117ರಿಂದ 121ರ ನಡುವೆ, ದಾರಿ ಸ್ವಲ್ಪ ಏರಿದರೂ ಅಷ್ಟೇ, ಇಳಿದರೂ ಅಷ್ಟೇ. ನಿಜವಾದ ಎದೆಬಡಿತ ಇಷ್ಟು ಒಂದೇ ಸಮ ಇರುವುದಿಲ್ಲ.

ಹಸಿರು ದೀಪ ನೋಡುವುದು ಏನನ್ನ

ಬ್ಯಾಂಡು ತಿರುಗಿಸಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ ಅಲ್ವಾ? ಆ ಬೆಳಕು ಚರ್ಮದೊಳಕ್ಕೆ ಹೋಗುತ್ತದೆ, ಹೆಚ್ಚು ಆಳಕ್ಕೇನೂ ಇಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಂದು ಸಲ ಬಡಿದಾಗ ಚರ್ಮದ ಸಣ್ಣ ನಾಳಗಳಲ್ಲಿ ರಕ್ತ ಒಂದು ಚೂರು ಜಾಸ್ತಿ ತುಂಬುತ್ತದೆ, ವಾಪಸ್ ಬರುವ ಬೆಳಕು ಒಂದು ಚೂರು ಕಮ್ಮಿಯಾಗುತ್ತದೆ. ದೀಪದ ಪಕ್ಕದ ಸೆನ್ಸರ್ ಆ ಏರಿಳಿತವನ್ನು ಹಿಡಿಯುತ್ತದೆ. ಇದು ಹೊಸದೇನಲ್ಲ. ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ 1937ರಲ್ಲೇ ಬೆಳಕಿನಿಂದ ಹೀಗೆ ಅಳೆಯುವುದನ್ನು ಬರೆದಿದ್ದರು.

ತೊಂದರೆ ಇರುವುದು ಆ "ಒಂದು ಚೂರು" ಅನ್ನುವುದರಲ್ಲಿ. ವಾಪಸ್ ಬರುವ ಒಟ್ಟು ಬೆಳಕಿನಲ್ಲಿ ಬಡಿತದಿಂದ ಆಗುವ ಬದಲಾವಣೆ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಕೈ ಬೀಸಿದಾಗ ಬ್ಯಾಂಡು ಚರ್ಮದ ಮೇಲೆ ಒಂದಿಷ್ಟು ಜರುಗಿದರೆ, ಕಾಲು ನೆಲಕ್ಕೆ ಬಿದ್ದ ಏಟಿಗೆ ಮುಂಗೈ ಸ್ವಲ್ಪ ಅದುರಿದರೆ, ಅದರಿಂದ ಬೆಳಕಿನಲ್ಲಿ ಆಗುವ ಬದಲಾವಣೆ ಬಡಿತದ್ದಕ್ಕಿಂತ ಎಷ್ಟೋ ದೊಡ್ಡದು. ಜಾತ್ರೆ ಗಲಾಟೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳಲು ಒದ್ದಾಡಿದ ಹಾಗೆ ಅದರ ಕೆಲಸ. ಅದಕ್ಕೇ ಬ್ಯಾಂಡಿನೊಳಗೆ ಚಲನೆ ಅಳೆಯುವ ಇನ್ನೊಂದು ಸೆನ್ಸರ್ ಇರುತ್ತದೆ. ಕೈ ಅಲ್ಲಾಟದ ಪಾಲನ್ನು ಕಳೆದು ಉಳಿದದ್ದರಲ್ಲಿ ಬಡಿತ ಹುಡುಕು ಅಂತ ಪ್ರೋಗ್ರಾಮ್ ಬರೆದಿರುತ್ತಾರೆ. ಬಹಳ ಸಲ ಅದು ಸರಿಯಾಗಿಯೇ ಹುಡುಕುತ್ತದೆ. ಕೆಲವು ಸಲ ಹೆಜ್ಜೆಯ ಲಯವನ್ನೇ ಬಡಿತ ಅಂದುಕೊಂಡು ಅದಕ್ಕೇ ಗಂಟು ಬೀಳುತ್ತದೆ. ಓಡುವವರಿಗೆ ಇದು ಗೊತ್ತಿರುವ ಕಾಟ. ನಿಮಿಷಕ್ಕೆ 170 ಹೆಜ್ಜೆ ಹಾಕುವ ಹುಡುಗರ ವಾಚು 170 ಬಡಿತ ತೋರಿಸುತ್ತದೆ, ಓಡುವವರ ಬಡಿತವೂ ಆ ಸುತ್ತಲೇ ಇರಬಹುದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಬಿರುಸಾಗಿ ನಡೆಯುವವರು ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆ? ಹೆಚ್ಚುಕಮ್ಮಿ 110ರಿಂದ 120. ಮೇಷ್ಟ್ರ ನೋಟ್‌ಬುಕ್ಕಿನ ನಂಬರ್ ನೋಡಿದಾಗ ನನಗೆ ಹೊಳೆದಿದ್ದು ಇದೇ. ಆದರೆ ಹೊಳೆದ ಮಾತ್ರಕ್ಕೆ, ಸ್ಟೆಂಟ್ ಹಾಕಿಸಿಕೊಂಡವರಿಗೆ "ಬ್ಯಾಂಡು ಸುಳ್ಳು, ನಡೀರಿ" ಅಂತ ಹೇಳಿಬಿಡಲು ಆಗುವುದಿಲ್ಲ. ತೋರಿಸಬೇಕು.

ಕೆರೆ ಏರಿಯ ಮೇಲೆ

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ನೀವು ಜೊತೆಗಿದ್ದರೆ ನಡೆಸಿ ನೋಡಿ ಅಂದರು. ಎದೆಗೆ ಕಟ್ಟುವ ಪಟ್ಟಿ ತೆಗೆದುಕೊಂಡು ಹೋದೆ. ಈ ಪಟ್ಟಿ ಬೆಳಕನ್ನಲ್ಲ, ಹೃದಯದ ವಿದ್ಯುತ್ತನ್ನು ಹಿಡಿಯುತ್ತದೆ, ಇಸಿಜಿ ಹಿಡಿಯುವುದೂ ಅದನ್ನೇ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಶುರುವಿನಲ್ಲೇ ಓಟಗಾರರಿಗೆ ವೈರಿಲ್ಲದ ಇಂಥ ಪಟ್ಟಿ ಕೊಟ್ಟಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 50 ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಎದೆಪಟ್ಟಿಯನ್ನೂ ನಾಲ್ಕು ಕೈಬ್ಯಾಂಡುಗಳನ್ನೂ ಇಸಿಜಿಗೆ ಹೋಲಿಸಿ ನೋಡಿದ್ದರು. ಎಷ್ಟು ಹೊಂದುತ್ತದೆ ಅನ್ನುವ ಅಳತೆಯಲ್ಲಿ ಪೂರ್ತಿ ಹೊಂದಿದರೆ 1. ಎದೆಪಟ್ಟಿಗೆ 0.99 ಬಂತು, ಕೈಬ್ಯಾಂಡುಗಳಿಗೆ 0.83ರಿಂದ 0.91. ಆ ಬ್ಯಾಂಡುಗಳು ಈಗ ಹಳೆಯವಾದವು, ಹೊಸವು ಸುಧಾರಿಸಿವೆ. ಆದರೂ ನಡೆಯುವಾಗ, ಓಡುವಾಗ ಯಾವುದನ್ನು ಯಾವುದರಿಂದ ಪರೀಕ್ಷಿಸಬೇಕು ಅನ್ನುವುದು ಬದಲಾಗಿಲ್ಲ.

ಪಟ್ಟಿಯ ಒಳಭಾಗಕ್ಕೆ ನೀರು ಸವರಿ ಕಟ್ಟಿದೆ. ಒಣಗಿದ್ದರೆ ಅದೂ ಶುರುವಿನಲ್ಲಿ ಹುಚ್ಚುಚ್ಚಾಗಿ ತೋರಿಸುತ್ತದೆ, ಚಳಿಗಾಲದಲ್ಲಂತೂ ಬೆವರು ಬರುವವರೆಗೆ ಸರಿಹೋಗುವುದಿಲ್ಲ. ಬ್ಯಾಂಡನ್ನು ಮಾತ್ರ ಅವರು ದಿನಾ ಕಟ್ಟುವ ಹಾಗೇ ಬಿಟ್ಟೆ. ಮುಂಗೈ ಮೂಳೆಯ ಮೇಲೆ, ಸಡಿಲವಾಗಿ, ಬೆರಳು ಆರಾಮಾಗಿ ಒಳಗೆ ತೂರುವಷ್ಟು. ನಲವತ್ತು ವರ್ಷ ವಾಚು ಹಾಗೇ ಕಟ್ಟಿದವರು.

ಇಬ್ಬರೂ ಜೊತೆಯಾಗಿ ನಡೆದೆವು. ಮೊದಲ ಸುತ್ತಿನಲ್ಲಿ ನಾನೇನೂ ಹೇಳಲಿಲ್ಲ. ಬ್ಯಾಂಡು ನಡುಗಿತು, 119. ಎದೆಪಟ್ಟಿ 96. ನಾನು ಅವರ ಬಲಗಾಲು ಎಡಗಾಲು ಎರಡನ್ನೂ ಒಂದು ನಿಮಿಷ ಎಣಿಸಿದೆ. 118 ಹೆಜ್ಜೆ. ಅವರನ್ನು ನಿಲ್ಲಿಸಿ ತಕ್ಷಣ ನಾಡಿ ಹಿಡಿದೆ, 15 ಸೆಕೆಂಡಿಗೆ 24, ಅಂದರೆ 96. ನಿಂತ ಮೇಲೆ ಬಡಿತ ಬೇಗ ಇಳಿಯುವುದರಿಂದ ಇಲ್ಲಿ 15 ಸೆಕೆಂಡಿನ ಎಣಿಕೆಯೇ ಸರಿ.

"ಅದು ಹೆಂಗಮ್ಮ, ಎರಡೂ ನನ್ನ ಮೈ ಮೇಲೇ ಇದಾವಲ್ಲ?" ಅಂದರು.

ನಂಬಿಕೆ ಬರಲಿಲ್ಲ. ಬರಬೇಕಾಗಿಯೂ ಇಲ್ಲ. ಎರಡು ಯಂತ್ರ ಎರಡು ಮಾತು ಹೇಳಿದರೆ ಎದೆಪಟ್ಟಿಯೇ ತಪ್ಪಿರಬಹುದಲ್ವಾ. ಅದಕ್ಕೆ ಮುಂದಿನ ಹಂತ. ಇದೇ ವೇಗದಲ್ಲಿ ನಡೆಯಿರಿ, ಆದರೆ ಬ್ಯಾಂಡಿರುವ ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ, ಬೀಸಬೇಡಿ ಅಂದೆ. ಸ್ವಲ್ಪ ಹೊತ್ತು ಬ್ಯಾಂಡು 119ರಲ್ಲೇ ಇತ್ತು. ಆಮೇಲೆ ಸರ್ರನೆ ಇಳಿದು 98ಕ್ಕೆ ನಿಂತಿತು. ಎದೆಪಟ್ಟಿ 97. ಅದೇ ವೇಗ, ಅದೇ ಹೃದಯ, ಕೈ ಮಾತ್ರ ಸುಮ್ಮನಾಗಿದೆ. ಕೈ ಬಿಟ್ಟು ಬೀಸಲು ಶುರು ಮಾಡಿದ ಮೇಲೆ ಮತ್ತೆ 118.

ಇನ್ನೊಂದು ಹಂತ ಬಾಕಿ ಇತ್ತು, ಗಣಿತ ಮೇಷ್ಟ್ರಿಗೆ ಬಹಳ ಹಿಡಿಸಿದ್ದು ಅದೇ. ವೇಗ ಬದಲಾಯಿಸಬೇಡಿ, ನನ್ನ ಪಕ್ಕದಲ್ಲೇ ಇರಿ, ಆದರೆ ಹೆಜ್ಜೆ ಗಿಡ್ಡ ಮಾಡಿ ಜಾಸ್ತಿ ಹೆಜ್ಜೆ ಹಾಕಿ ಅಂದೆ. ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತಾ ಬಂದರು, ಎಣಿಸಿದರೆ ನಿಮಿಷಕ್ಕೆ 128. ಬ್ಯಾಂಡು ನೋಡಿದರೆ 127. ಎದೆಪಟ್ಟಿ 98. ಮೇಷ್ಟ್ರು ದಾರಿ ಮಧ್ಯೆ ನಿಂತುಬಿಟ್ಟರು. ಹಿಂದೆ ಬರುತ್ತಿದ್ದವರು ಪಕ್ಕಕ್ಕೆ ಸರಿದು ಹೋದರು. "ಹಂಗಾದ್ರೆ ಇಷ್ಟು ದಿನ ನಾನು ಬರ್ಕೊಂಡಿದ್ದು ಹೆಜ್ಜೆ ಲೆಕ್ಕ" ಅಂದರು. ನೋಟ್‌ಬುಕ್ ತೆಗೆದು, ಬ್ಯಾಂಡಿನ ಕಾಲಂ ಮೇಲೆ ಬರೆದಿದ್ದ "ಎದೆಬಡಿತ" ಅನ್ನುವುದನ್ನು ಅಲ್ಲೇ ಹೊಡೆದುಹಾಕಿದರು.

ಮಗಳಿಗೂ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಎರಡೂ ನಂಬರ್ ತೋರಿಸಿದರು. ಅವಳು ಕೇಳಿದ ಪ್ರಶ್ನೆ ಚೆನ್ನಾಗಿತ್ತು: ನಮ್ಮ ಚರ್ಮದ ಬಣ್ಣಕ್ಕೆ ಹೀಗಾಗುತ್ತಾ? ಕೇಳುವುದು ಸಹಜ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹಸಿರು ಬೆಳಕನ್ನು ಹೀರುವುದು ನಿಜ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ ಬೇರೆಬೇರೆ ಚರ್ಮದ ಬಣ್ಣದ 53 ಜನರ ಮೇಲೆ ಇದನ್ನೇ ನೋಡಿದರು. ಬಣ್ಣದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಸುಮ್ಮನೆ ಕೂತಾಗಿನದಕ್ಕಿಂತ ಮೈ ಅಲ್ಲಾಡುವಾಗ ತಪ್ಪು ಸರಾಸರಿ 30% ಜಾಸ್ತಿ ಇತ್ತು. ಯಾವ ಬ್ಯಾಂಡು ಅನ್ನುವುದರ ಮೇಲೂ ತಪ್ಪು ಬದಲಾಗುತ್ತಿತ್ತು. ಮೇಷ್ಟ್ರ ವಿಷಯದಲ್ಲಂತೂ ಕೈ ಎದೆಗೆ ಒತ್ತಿಕೊಂಡಾಗ ಸರಿಹೋಯಿತಲ್ಲ, ಬಣ್ಣ ಅದೇ ಇತ್ತು.

ಸರಿಪಡಿಸಿದ್ದು ಬಹಳ ಸುಲಭ. ಬ್ಯಾಂಡನ್ನು ಮುಂಗೈ ಮೂಳೆಯಿಂದ ಎರಡು ಬೆರಳಷ್ಟು ಮೊಣಕೈ ಕಡೆಗೆ ಏರಿಸಿ, ನಡೆಯುವಷ್ಟು ಹೊತ್ತು ಮಾತ್ರ ಬಿಗಿಯಾಗಿ ಕಟ್ಟುವುದು. ಜರುಗಬಾರದು, ಕೈ ಜೋಮು ಹಿಡಿಯಲೂ ಬಾರದು. ಸ್ವೆಟರಿನ ತೋಳು ಒಳಗೆ ಸಿಕ್ಕಿಕೊಂಡಿರಬಾರದು. ಚಳಿಯಲ್ಲಿ ಮನೆಯಿಂದ ಹೊರಟ ಕೂಡಲೇ ಬರುವ ನಂಬರನ್ನು ಲೆಕ್ಕಕ್ಕೆ ಹಿಡಿಯಬಾರದು, ಯಾಕೆಂದರೆ ಕೈ ತಣ್ಣಗಿದ್ದಾಗ ಚರ್ಮದ ನಾಳಗಳು ಮುದುಡಿಕೊಂಡು, ಮೊದಲೇ ಚೂರೇ ಚೂರು ಇದ್ದ ಬಡಿತದ ಗುರುತು ಇನ್ನೂ ಕಮ್ಮಿಯಾಗುತ್ತದೆ. ಮೇಷ್ಟ್ರು ಬಿಸಿಲು ಬಿದ್ದ ಮೇಲೆ ಹೋಗಲು ಶುರು ಮಾಡಿದರು. ಹೀಗೆ ಕಟ್ಟಿದ ಮೇಲೆ ಸಮತಟ್ಟು ದಾರಿಯಲ್ಲಿ ಬ್ಯಾಂಡಿಗೂ ಎದೆಪಟ್ಟಿಗೂ ಮೂರ್ನಾಲ್ಕು ಬಡಿತದ ವ್ಯತ್ಯಾಸ ಉಳಿಯಿತು, ಅದು ನಡೆಯುತ್ತದೆ. ಆಗಾಗ ಹೆಜ್ಜೆಗೆ ಗಂಟು ಬೀಳುವುದು ಪೂರ್ತಿ ಹೋಗಲಿಲ್ಲ. ಆದರೆ ಈಗ ಅವರಿಗೆ ಗುರುತು ಸಿಗುತ್ತದೆ. ನಂಬರ್ ಇದ್ದಕ್ಕಿದ್ದಂತೆ 118 ಆದರೆ ಕೈ ಎದೆಗೆ ಒತ್ತಿಕೊಂಡು ನಡೆಯುತ್ತಾರೆ, ಇಳಿದರೆ ಮುಂದೆ ಹೋಗುತ್ತಾರೆ, ಇಳಿಯದಿದ್ದರೆ ನಿಂತು ನಾಡಿ ನೋಡಿಕೊಳ್ಳುತ್ತಾರೆ.

ಕ್ಯಾಲೊರಿ ಬಗ್ಗೆಯೂ ಕೇಳಿದರು. ಅದನ್ನು ನೋಡಲೇಬೇಡಿ ಅಂದೆ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ 60 ಜನರಿಗೆ ಏಳು ಬಗೆಯ ಬ್ಯಾಂಡು ಕಟ್ಟಿ ನೋಡಿದಾಗ, ಎದೆಬಡಿತದಲ್ಲಿ ಆರು ಬ್ಯಾಂಡುಗಳ ತಪ್ಪು 5%ಗಿಂತ ಕಮ್ಮಿ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ 27% ತಪ್ಪಿತ್ತು, ಕಳಪೆಯದು 93%.

ಬೆಟ್ಟದ ಮೆಟ್ಟಿಲು

ಮೇಷ್ಟ್ರಿಗೆ ನಿಜವಾಗಿ ಬೇಕಾಗಿದ್ದು ಕೆರೆಯಲ್ಲ, ಬೆಟ್ಟ. ಕೆಲಸದಲ್ಲಿದ್ದಾಗ ಆಷಾಢದಲ್ಲಿ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೇ ಹತ್ತುತ್ತಿದ್ದವರು. ಸ್ಟೆಂಟ್ ಆದ ಮೇಲೆ ಅದು ಮುಗಿಯಿತು ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಕೆಲವು ತಿಂಗಳು ಸಮತಟ್ಟಲ್ಲಿ ನಡೆದು ಒಗ್ಗಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ, ನಿಂತು ನಿಂತು, 110ರ ಮಿತಿಯೊಳಗೆ ಆದರೆ ಹತ್ತಲಿ ಅಂದರು.

ನನಗೆ ಭಯ ಇದ್ದದ್ದು ಇಲ್ಲೇ. ಕೆರೆ ಏರಿಯಲ್ಲಿ ಬ್ಯಾಂಡು ಜಾಸ್ತಿ ತೋರಿಸಿ ಹೆದರಿಸಿತು, ಅದರಿಂದ ಆಗುವ ಹಾನಿ ನಿಧಾನದ್ದು. ಕಮ್ಮಿ ತೋರಿಸಿದರೆ? ಅದೇ ಆಯಿತು.

ಬೆಟ್ಟದ ಮೆಟ್ಟಿಲು ಸಾವಿರ ಚಿಲ್ಲರೆ, 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಎತ್ತರದ ಮೆಟ್ಟಿಲು ಬಂದಾಗ ಎಲ್ಲರೂ ಮಾಡುವ ಹಾಗೆ ಮೇಷ್ಟ್ರೂ ಅಂಗೈಯನ್ನು ಮಂಡಿಯ ಮೇಲೆ ಊರಿ, ಒತ್ತಿ ಏಳುತ್ತಿದ್ದರು. ಹಾಗೆ ಊರಿದಾಗ ಮುಂಗೈ ಹಿಂದಕ್ಕೆ ಮಡಚುತ್ತದೆ, ಸ್ನಾಯುರಜ್ಜುಗಳು ಬಿಗಿಯುತ್ತವೆ, ಬ್ಯಾಂಡು ಚರ್ಮದಿಂದ ಏಳುತ್ತದೆ. ಬೆಳಕು ಹಿಡಿಯಬೇಕಾದ್ದು ತಪ್ಪಿಹೋಗುತ್ತದೆ. ಡಂಬೆಲ್ ಹಿಡಿಯುವವರಿಗೆ, ಸೈಕಲ್ ಹ್ಯಾಂಡಲ್ ಬಿಗಿಯಾಗಿ ಹಿಡಿಯುವವರಿಗೆ ಆಗುವುದೂ ಇದೇ.

ನಂದಿಗಿಂತ ಬಹಳ ಕೆಳಗೇ, ಬ್ಯಾಂಡು 94 ಅನ್ನುತ್ತಿದ್ದಾಗ ಎದೆಪಟ್ಟಿ 116 ದಾಟಿತು. ನಾನು ನಿಲ್ಲಿಸಿದೆ. "ಇನ್ನೂ 94 ಇದೆಯಲ್ಲಮ್ಮ" ಅಂದರು, ಅಷ್ಟು ಹೇಳುವುದಕ್ಕೇ ಎರಡು ಸಲ ಉಸಿರು ಎಳೆದುಕೊಂಡರು. ನಿಂತ ಮೇಲೆ ನೋಡಬೇಕಿತ್ತು: ಎದೆಪಟ್ಟಿ ಇಳಿದು 104ಕ್ಕೆ ಬರುತ್ತಿದ್ದರೆ ಬ್ಯಾಂಡು ಆಗ ಏರಿ 112 ತೋರಿಸಿತು. ಕೈ ಸುಮ್ಮನಾದ ಮೇಲೆ ಬಡಿತ ಸಿಕ್ಕಿತು, ಆದರೆ ಹಿಂದಿನ ಹೊತ್ತಿನದನ್ನೂ ಸೇರಿಸಿ ಸರಾಸರಿ ತೆಗೆಯುವುದರಿಂದ ತಡವಾಗಿ ಹೇಳಿತು. ನನಗೆ ಈ ಬ್ಯಾಂಡುಗಳ ಮೇಲಿರುವ ದೊಡ್ಡ ದೂರು ಇದೇ. ಸಿಗ್ನಲ್ ತಪ್ಪಿದಾಗ ನಂಬರಿನ ಜಾಗದಲ್ಲಿ ಒಂದು ಗೆರೆ ತೋರಿಸಿದರೆ ಸಾಕು, ಬಳಸುವವರು ಎಚ್ಚರವಾಗುತ್ತಾರೆ. ಮೇಷ್ಟ್ರ ಬ್ಯಾಂಡು ಹಾಗೆ ಮಾಡದೆ, ಒಂದು ಅಂದಾಜನ್ನೇ ದಪ್ಪ ಅಕ್ಷರದಲ್ಲಿ, ಅಷ್ಟೇ ಧೈರ್ಯವಾಗಿ ತೋರಿಸುತ್ತಿತ್ತು. ಹೃದಯದ ರೋಗಿಯ ಕೈಯಲ್ಲಿ ಅದು ತಮಾಷೆಯ ವಿಷಯ ಅಲ್ಲ.

ಹಾಗಾಗಿ ಮೆಟ್ಟಿಲಿಗೆ ನಿಯಮ ಬೇರೆ ಮಾಡಿದೆವು. ಹತ್ತುವಾಗ ಬ್ಯಾಂಡಿನ ಕಡೆ ನೋಡುವುದೇ ಇಲ್ಲ. ಎದೆಪಟ್ಟಿ ಕಡ್ಡಾಯ, ಅದರ ನಂಬರ್ ಫೋನಿನಲ್ಲಿ, 110ಕ್ಕೆ ಸದ್ದು. ಅದರ ಜೊತೆಗೆ ಮಾತಿನ ಪರೀಕ್ಷೆ. ಆರಾಮಾಗಿ ಮಾತಾಡಲು ಆಗುವಷ್ಟು ಉಸಿರು ಇರಬೇಕು ಅನ್ನುವುದು ಎಲ್ಲ ಕಡೆ ಬಳಸುವ ಹಳೇ ವಿಧಾನ. ಮೇಷ್ಟ್ರು ತಾವೇ ಆರಿಸಿಕೊಂಡಿದ್ದು ಹದಿನೇಳರ ಮಗ್ಗಿ. ಹದಿನೇಳೆಂಟ್ಲ ನೂರಾ ಮೂವತ್ತಾರು ಅಂತ ಒಂದೇ ಉಸಿರಿಗೆ ಬಂದರೆ ಮುಂದಿನ ಮೆಟ್ಟಿಲು, ನಡುವೆ ಉಸಿರು ಎಳೆದುಕೊಳ್ಳಬೇಕಾದರೆ ಪಕ್ಕಕ್ಕೆ ಸರಿದು ನಿಲ್ಲುವುದು. ಬೀಟಾ ಬ್ಲಾಕರ್ ಇದ್ದವರಿಗೆ ಇದು ಬಹಳ ಮುಖ್ಯ. ಮಾತ್ರೆ ಬಡಿತವನ್ನು ತಗ್ಗಿಸುತ್ತದೆ, ಮೈಗೆ ಬೀಳುವ ಶ್ರಮವನ್ನು ಉಸಿರೇ ಹೇಳಬೇಕು.

41

ಇನ್ನು ಕೊನೆಯ ಭಾಗ. ಒಂದು ಸಂಜೆ ಮೇಷ್ಟ್ರು ಕಾಫಿ ಕುಡಿದು ಪೇಪರ್ ಓದುತ್ತಾ ಕೂತಿದ್ದಾಗ ಬ್ಯಾಂಡು ನಡುಗಿತು. ಬಡಿತ ಕಮ್ಮಿ, 41. ಅವರಿಗೆ ಕೂತಾಗ ಇರುತ್ತಿದ್ದದ್ದು 56, 58. ಮಗಳಿಗೆ ಫೋನ್ ಹೋಯಿತು. ಅವಳಿಗೆ ಕೆರೆಯ ವಿಷಯ ಚೆನ್ನಾಗಿ ನೆನಪಿತ್ತು. "ಅದರದ್ದು ಇದ್ದಿದ್ದೇ ಅಲ್ವಾ ಅಪ್ಪಾ, ಬಿಚ್ಚಿಡು" ಅಂದಳು. ಮೇಷ್ಟ್ರ ಮನೆಯವರು ಸುಮ್ಮನಿರಲಿಲ್ಲ. ಬಿಪಿ ಮಷೀನ್ ತಂದು ಕಟ್ಟಿದರು. ಬಿಪಿ ಸರಿಯಾಗಿತ್ತು, ನಾಡಿ 42 ತೋರಿಸಿತು. ಆಮೇಲೆ ನನಗೆ ಫೋನ್ ಮಾಡಿದರು.

ಕೈ ಅಲ್ಲಾಡಿಲ್ಲ, ಚಳಿಯಿಲ್ಲ, ಬ್ಯಾಂಡು ಸರಿಯಾಗಿ ಕೂತಿದೆ. ಹಾಗಿದ್ದಾಗ ಬಂದ ನಂಬರನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಮುಂಗೈಯಲ್ಲಿ ಹೆಬ್ಬೆರಳ ಕಡೆಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ ಸಾರ್, ಹೇಗೆ ಬಡಿಯುತ್ತದೆ ಹೇಳಿ ಅಂದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಬೇಡ, ಲಯ ತಪ್ಪಿದ್ದರೆ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಅವರು ಎಣಿಸಿ, "42. ಒಂದು ಜೋರಾಗಿ ಬರುತ್ತೆ, ಆಮೇಲೆ ದೊಡ್ಡ ಗ್ಯಾಪು. ಆ ಗ್ಯಾಪಲ್ಲಿ ಎದೆ ಒಳಗೆ ಏನೋ ಮಿಡುಕಿದ ಹಾಗೆ ಆಗುತ್ತಮ್ಮ" ಅಂದರು. ಈಗಲೇ ಆಸ್ಪತ್ರೆಗೆ ಹೋಗಿ, ನೀವು ಗಾಡಿ ಓಡಿಸಬೇಡಿ, ಆಟೋ ಮಾಡಿಕೊಳ್ಳಿ ಅಂದೆ.

ಇಸಿಜಿಯಲ್ಲಿ ಬಂದದ್ದು 82. ಹೃದಯ 82 ಸಲ ಬಡಿಯುತ್ತಿದೆ, ಕೈಗೆ ಅದರ ಅರ್ಧ ತಲುಪುತ್ತಿದೆ. ಪ್ರತಿ ಸರಿಯಾದ ಬಡಿತದ ಹಿಂದೆಯೇ ಹೃದಯದ ಕೆಳಕೋಣೆಯಿಂದ ಒಂದು ಅವಸರದ ಬಡಿತ ಹುಟ್ಟುತ್ತಿತ್ತು. ಅದು ಬೇಗ ಬಂದುಬಿಡುವುದರಿಂದ ಕೋಣೆಯಲ್ಲಿ ರಕ್ತ ತುಂಬಿರುವುದಿಲ್ಲ, ಹೊರಗೆ ಬೀಳುವುದು ಬಹಳ ಕಮ್ಮಿ, ಮುಂಗೈಗೆ ನಾಡಿಯಾಗಿ ಮುಟ್ಟುವುದಿಲ್ಲ. ಆಮೇಲೆ ಹೃದಯ ಸ್ವಲ್ಪ ಹೊತ್ತು ತಡೆದು ಮುಂದಿನ ಬಡಿತ ಕೊಡುತ್ತದೆ, ಅಷ್ಟರಲ್ಲಿ ಚೆನ್ನಾಗಿ ತುಂಬಿಕೊಂಡಿರುವುದರಿಂದ ಅದು ಜೋರಾಗಿ ಬರುತ್ತದೆ. ಬ್ಯಾಂಡು, ಬಿಪಿ ಮಷೀನ್, ಬೆರಳು ಮೂರೂ ಎಣಿಸುವುದು ಕೈಗೆ ಬಂದ ರಕ್ತವನ್ನು. ಮೂರೂ 41, 42 ಅಂದಿದ್ದು ಸರಿಯೇ. ಹೃದಯದ ಲೆಕ್ಕ ಬೇಕಾದರೆ ವಿದ್ಯುತ್ತನ್ನೇ ನೋಡಬೇಕು, ಅದಕ್ಕೇ ಇಸಿಜಿ.

ಡಾಕ್ಟರು ಒಂದು ರಾತ್ರಿ ಇರಿಸಿಕೊಂಡು ರಕ್ತದ ಪೊಟ್ಯಾಸಿಯಂ ನೋಡಿದರು, ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರು, ಆಮೇಲೆ 24 ಗಂಟೆ ಇಸಿಜಿ ಬರೆದಿಡುವ ಹೋಲ್ಟರ್ ಕಟ್ಟಿ ಕಳಿಸಿದರು. ಹೃದಯದ ಪಂಪಿಂಗ್ ಚೆನ್ನಾಗಿಯೇ ಇತ್ತು. ಮಾತ್ರೆಗಳಲ್ಲಿ ಸ್ವಲ್ಪ ಬದಲಾವಣೆ ಮಾಡಿದರು, ಅವಸರದ ಬಡಿತಗಳು ಬಹಳ ಕಮ್ಮಿಯಾದವು. ಒಂದು ವಿಷಯ ಮಾತ್ರ ಹೇಳಲೇಬೇಕು. ನಾಡಿ 41 ಅಂತ ನೋಡಿ, ಬಡಿತ ಕಮ್ಮಿಯಾಗಿದೆ ಅಂದುಕೊಂಡು ಮನೆಯಲ್ಲೇ ಮೆಟೊಪ್ರೊಲಾಲ್ ಬಿಟ್ಟುಬಿಡುವವರು ಇದ್ದಾರೆ. ಸ್ಟೆಂಟ್ ಆದವರು ಆ ಮಾತ್ರೆಯನ್ನು ಒಂದೇ ಸಲ ನಿಲ್ಲಿಸುವುದು ಅಪಾಯ. ಮೇಷ್ಟ್ರಿಗೆ ಆ ಯೋಚನೆ ಬಂದಿತ್ತಂತೆ, ಮನೆಯವರು ಬಿಡಲಿಲ್ಲ.

ಸುಮ್ಮನೆ ಕೂತಾಗ ಬೆಳಕಿನ ಸೆನ್ಸರು ಲಯ ತಪ್ಪಿದ್ದನ್ನು ಹಿಡಿಯಬಲ್ಲದು ಅನ್ನುವುದಕ್ಕೆ ದೊಡ್ಡ ಅಧ್ಯಯನವೂ ಇದೆ. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಇದ್ದರು, ಲಯ ತಪ್ಪಿದೆ ಅನ್ನುವ ಸೂಚನೆ ಬಂದದ್ದು 0.52% ಜನರಿಗೆ. ಅದು ಹುಡುಕಿದ್ದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯವಿಲ್ಲದೆ ಅದುರುವ ಬೇರೆ ತೊಂದರೆ, ಮೇಷ್ಟ್ರದ್ದಲ್ಲ. ಅವರ ಬ್ಯಾಂಡಿಗೆ ಲಯ ಗುರುತಿಸಲು ಬರುವುದೂ ಇಲ್ಲ, ಬರೀ ನಂಬರ್ ಕೊಡುತ್ತದೆ.

ಈಗ

ಈಗ ನೋಟ್‌ಬುಕ್ಕಿನಲ್ಲಿ ಕಾಲಂ ಬದಲಾಗಿವೆ. ಬ್ಯಾಂಡು, ಎದೆಪಟ್ಟಿ, ಬೆರಳು, ಕೈ ಏನು ಮಾಡುತ್ತಿತ್ತು, ಮಗ್ಗಿ ಎಲ್ಲಿವರೆಗೆ ಬಂತು. ಮಗಳ ಫೋನಿಗೆ ನಡಿಗೆಯ ನಂಬರ್ ಹೋಗುವುದನ್ನು ಅವಳೇ ನಿಲ್ಲಿಸಿದ್ದಾಳೆ, ಕೂತಾಗಿನದು, ಮಲಗಿದಾಗಿನದು ಮಾತ್ರ ಹೋಗುತ್ತದೆ. ಕೂತಾಗ 50ಕ್ಕಿಂತ ಕಮ್ಮಿ ಬಂದರೆ ಮೊದಲು ಒಂದು ನಿಮಿಷ ಬೆರಳಿಟ್ಟು ಎಣಿಸುವುದು, ಹೌದಾದರೆ ಆಸ್ಪತ್ರೆ.

ಆಷಾಢದಲ್ಲಿ ಮೇಷ್ಟ್ರು ಬೆಟ್ಟ ಹತ್ತಿದರು. ಶುಕ್ರವಾರದ ನೂಕುನುಗ್ಗಲು ಬೇಡ ಅಂತ ಬುಧವಾರ ಹೋದೆವು. ನಂದಿಯ ಹತ್ತಿರ ಬಹಳ ಹೊತ್ತು ಕೂತು, ಉಳಿದದ್ದನ್ನು ನಿಧಾನವಾಗಿ ಹತ್ತಿದರು. ಎದೆಪಟ್ಟಿ ಒಂದೆರಡು ಸಲ 110 ಮುಟ್ಟಿತು, ಮುಟ್ಟಿದಾಗೆಲ್ಲ ನಿಂತರು. ಇಳಿಯುವಾಗ ನಾನು ಬಸ್ಸಿನಲ್ಲಿ ಹೋಗೋಣ ಅಂದೆ, ಅವರೂ ಒಪ್ಪಿದರು. ಮುಂದಿನ ಟಿಎಂಟಿ ಆದ ಮೇಲೆ ಡಾಕ್ಟರು 110ರ ಮಿತಿಯನ್ನು ಬದಲಾಯಿಸಬಹುದು. ಅಲ್ಲಿಯವರೆಗೆ ಇದೇ ಮಿತಿ, ಮೆಟ್ಟಿಲಿಗೆ ಎದೆಪಟ್ಟಿ.